ಕೊಟ್ಟವರು ತಿಳಿಸತಕ್ಕದ್ದು

ನ್ಯಾಯಾಧೀಶರು ಬರುವುದು ಎರಡನೆಯ ಮಂಗಳವಾರ,
ಹಿಮ ಬಿದ್ದರೆ ಮೂರನೆಯದು.
ಕೋರ್ಟಿನ ಗುಮಾಸ್ತೆ ವೆಲ್ಡಾ ಬುಧವಾರ
ಬಾಗಿಲಿಗೆ ಚೀಟಿ ಅಂಟಿಸಿ
ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತಾಳೆ, ತೊಂಬತ್ತು ಮೈಲಿ.
ಇಷ್ಟು ತಿಳಿಯಲಿಕ್ಕೇ ನನಗೆ ಮೂರು ಸಲ
ಮೊಂಟಾನಾದ ಈ ಉದ್ದ ರಸ್ತೆ.

ಆರ್ವಿನ್ ಮಾವನ ಉಯಿಲು ಸಿಕ್ಕಿದ್ದು
ಟ್ರ್ಯಾಕ್ಟರಿನ ಕೈಪಿಡಿಯೊಳಗೆ,
ಕ್ಲಚ್ ಬಿಗಿಮಾಡುವ ಪುಟದಲ್ಲಿ.
ಬೀಜದ ಕಂಪನಿಯ ರಸೀದಿ, ಅದರ ಬೆನ್ನಿಗೆ ಪೆನ್ಸಿಲು:
ಎಲ್ಲ ಡಾರ್ಲಾಗೆ.
ನಾಯಿ ಯಾರ ಹತ್ತಿರ ಹೋಗುತ್ತದೋ ಅವರಿಗೆ.
ಸಹಿ, ತಾರೀಖು, ಮೊಣಕೈ ಊರಿದ ಎಣ್ಣೆಯ ಗುರುತು.

"ಸಾಕ್ಷಿ?" ಎಂದೆ.
"ಬೇಡ. ಪೂರ್ತಿ ಅವನದೇ ಕೈಬರಹ ತಾನೆ?
ಮೂವತ್ತು ವರ್ಷ ಅವನ ಅರ್ಜಿ ಓದಿದ್ದೇನೆ,
ಈ ಕಾಗೆಕಾಲು ಗುಬ್ಬಿಕಾಲು
ಬೇರೆಯವರಿಗೆ ಬರೆಯಲು ಬಾರದು."
ನಾಯಿ ಅವಳ ಮೇಜಿನ ಕೆಳಗೆ ಹೋಗಿ ಮಲಗಿತು.
ಕರೆದರೂ ಎದ್ದು ಬರಲಿಲ್ಲ.

ಹೀಗೆ, ಬೆಳಿಗ್ಗೆ ಸಂಜೆ ಸ್ಕೂಲ್ ಬಸ್ಸು,
ನಡುವೆ ನಾನು ಸತ್ತವನ ಪ್ರತಿನಿಧಿ.
ಮೊಹರಿನ ಕಾಗದ ಐದು ಪ್ರತಿ ತಗೋ ಎಂದಳು; ಹತ್ತೂ ಸಾಲಲಿಲ್ಲ.
ಬ್ಯಾಂಕಿಗೆ, ಪಿಕಪ್ಪಿನ ಟೈಟಲಿಗೆ, ಧಾನ್ಯದ ಗೋದಾಮಿಗೆ,
ದನಕ್ಕೆ ಹಾಕುವ ಬರೆಯ ಗುರುತಿಗೊಂದು:
ಎಡಪಕ್ಕೆ, ಮಲಗಿದ ಟಿ, ಕೆಳಗೊಂದು ಗೆರೆ.
ಹನ್ನೆರಡು ವರ್ಷದಿಂದ ದನವಿಲ್ಲ,
ಗುರುತು ಮಾತ್ರ ಆಸ್ತಿ.
ಫೋನ್ ಕಂಪನಿಯ ಹುಡುಗಿ
"ಖಾತೆದಾರರೇ ಮಾತಾಡಬೇಕು, ಮೇಡಂ" ಎಂದಳು.
"ನೀನೇ ಮಾತಾಡಿಸಿ ನೋಡು" ಎಂದೆ.

ಪಟ್ಟಿ ಮಾಡು, ಬೆಲೆ ಹಾಕು ಎನ್ನುತ್ತದೆ ಕಾನೂನು.
ಗುಜರಿ ಕಬ್ಬಿಣಕ್ಕೆ ಟನ್ನಿನ ಲೆಕ್ಕ.
ಕೊಟ್ಟಿಗೆಯಲ್ಲಿ ಏಳು ಕಾಫಿ ಡಬ್ಬಿ ತುಂಬ ಹಳೆ ಮೊಳೆ,
ಚಳಿಗಾಲವೆಲ್ಲ ಕೂತು
ಒಂದೊಂದನ್ನೂ ಬಡಿದು ನೆಟ್ಟಗೆ ಮಾಡಿದ್ದು.
ಹೊಸ ಮೊಳೆಗೆ ಕಾಸು ಬಿಚ್ಚಿದ ಮನುಷ್ಯನಲ್ಲ.
ಸೊನ್ನೆ ಎಂದು ಬರೆದೆ,
ಒರೆಸಿ ಒಂದು ಡಾಲರ್ ಮಾಡಿದೆ.

ಆಮೇಲೆ ವಾರಪತ್ರಿಕೆಯಲ್ಲಿ ಪ್ರಕಟಣೆ, ಮೂರು ವಾರ,
ಹುಲ್ಲಿನ ಹರಾಜಿಗೂ ಚರ್ಚಿನ ಊಟಕ್ಕೂ ನಡುವೆ:
ಮೃತನಿಗೆ ಕೊಟ್ಟವರು ತಿಳಿಸತಕ್ಕದ್ದು,
ನಾಲ್ಕು ತಿಂಗಳೊಳಗೆ;
ತಪ್ಪಿದಲ್ಲಿ ಹಕ್ಕು ಶಾಶ್ವತವಾಗಿ ಇಲ್ಲ.
ಗ್ಯಾಸಿನವನು ಬಂದ. ದನದ ಡಾಕ್ಟರು
ಹಳೆಯ ಬಿಲ್ಲು ಕಳಿಸಿ, ಕೆಳಗೆ
"ಇದ್ದರೆ ಸರಿ, ಇಲ್ಲದಿದ್ದರೂ ಸರಿ" ಎಂದು ಬರೆದಿದ್ದರು.

ನಾಲ್ಕು ತಿಂಗಳ ಮೇಲೆ ಮೂರನೆಯ ದಿನ
ಬೆರ್ನಿಟಾ ಕ್ವಾಮೆ ಬಂದಳು, ಚರ್ಚಿನ ಕೋಟು ತೊಟ್ಟು.
ನೀಲಿ ಶಾಯಿಯಲ್ಲಿ ಫಾರಮ್ಮು ತುಂಬಿದ್ದಳು:
ಹಸಿರು ಅಂಚಿನ ಪೈ ತಟ್ಟೆ, ಒಂದು.
ಕೊಟ್ಟದ್ದು ಎಂಬತ್ತೇಳರ ಸುಗ್ಗಿಯಲ್ಲಿ.
ಮೊತ್ತದ ಜಾಗದಲ್ಲಿ ಅಡ್ಡಗೆರೆ.

"ಅವಧಿ ಮುಗಿಯಿತಲ್ಲ ಬೆರ್ನಿಟಾ" ಎಂದಳು ವೆಲ್ಡಾ.
"ಗೊತ್ತು. ಮುಗಿಯಲಿ ಅಂತಲೇ ಕಾದೆ.
ಮೊಹರು ಹಾಕು."
ವೆಲ್ಡಾ ನನ್ನ ಮುಖ ನೋಡಿದಳು, ನಾನು ನಾಯಿಯ ಮುಖ.
ಮೊಹರು ಬಿತ್ತು: ಸ್ವೀಕೃತ, ಹನ್ನೊಂದು ನಲವತ್ತು.
ಪ್ರತಿಗೆ ಐವತ್ತು ಸೆಂಟು. ಪರ್ಸಿನಿಂದ ಎಣಿಸಿ ಕೊಟ್ಟು
ನಾಲ್ಕು ಮಡಿಕೆ ಮಡಿಸಿ
ಕೋಟಿನ ಒಳಜೇಬಿಗೆ ಸೇರಿಸಿಕೊಂಡು ನಡೆದಳು.

"ತಿರಸ್ಕರಿಸಲಾಗಿದೆ" ಎಂದು ನಾನೇ ಬರೆಯಬೇಕು,
ನಾನೇ ಸಹಿ ಮಾಡಿ ಅವಳ ವಿಳಾಸಕ್ಕೆ ಅಂಚೆ ಹಾಕಬೇಕು.
ಪೆನ್ನು ತೆರೆದಿಟ್ಟು ಕೂತಿದ್ದೇನೆ.
ಆ ತಟ್ಟೆ ನನ್ನ ಪಟ್ಟಿಯಲ್ಲಿದೆ, ಎರಡನೆಯ ಹಾಳೆ,
ಅಡುಗೆಮನೆಯ ಗೋಡೆ, ಒಲೆಯ ಎದುರು,
ಕೆಳಗೆ ಎರಡು ಮೊಳೆ, ಮೇಲೊಂದು, ತಟ್ಟೆ ಜಾರದ ಹಾಗೆ.
ಹೊಸ ಮೊಳೆಗಳು.
ಅದನ್ನು ಪಟ್ಟಿಯಲ್ಲಿ ಬರೆದಿಲ್ಲ.
ಅವಳಿಗೆ ಹೇಳಲೋ ಬೇಡವೋ.

ಎರಡೂ ಮುಕ್ಕಾಲಿಗೆ ಬಸ್ಸು ತೆಗೆಯಬೇಕು.